ದುಗ್ಗಮ್ಮನ ಜಾತ್ರೆಗೆ ಬಂದವರು ಓಟು ಹಾಕಿ ಹೋಗಲಿ

ಕೇಳುಗರಿಗೆಲ್ಲ ನಮಸ್ಕಾರ.

ನಾನು ದಾವಣಗೆರೆಯವನು. ಓದಿದ್ದು ಇದೇ ಊರಿನ ಒಂದು ಕಾಲೇಜಿನಲ್ಲಿ, ದುಡಿದದ್ದು ಬ್ಯಾಂಕಿನಲ್ಲಿ, ಈಗ ನಿವೃತ್ತ. ನಿವೃತ್ತಿಯಾದ ಮರುವರ್ಷ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘದವರು ಮನೆಗೆ ಬಂದು, "ಈ ಸಲ ಚುನಾವಣಾಧಿಕಾರಿ ನೀವೇ ಆಗಬೇಕು" ಎಂದರು. "ಕೆಲಸ ಏನೂ ಇಲ್ಲ ಸರ್, ಎಲ್ಲಾ ಅವಿರೋಧ. ಹೆಸರು ಓದಿ ಒಂದು ಸಹಿ ಹಾಕಿದರೆ ಮುಗೀತು" ಎಂದೂ ಸೇರಿಸಿದರು. ಆಗ ಆ ಮಾತು ಕೇಳಿ ನಿರಾಳವಾಗಿತ್ತು. ಈಗ ಅದನ್ನೇ ನೆನೆಸಿಕೊಂಡರೆ ಸಂಕಟವಾಗುತ್ತದೆ. ಇವತ್ತು ನಾನು ಮಾತಾಡುವುದು ಆ 'ಅವಿರೋಧ'ದ ಬಗ್ಗೆ.

ಅವಿರೋಧ ಆಯ್ಕೆ ಎಂದರೆ ನಮ್ಮ ಕಡೆ ದೊಡ್ಡ ಮರ್ಯಾದೆ. ಹಾಲಿನ ಡೇರಿಯಿಂದ ಹಿಡಿದು ಪಂಚಾಯಿತಿವರೆಗೆ, ಜಗಳವಿಲ್ಲದೆ ಆಯಿತು ಎಂದು ಹಾರ ಹಾಕಿ ಫೋಟೋ ತೆಗೆಸುತ್ತೇವೆ. ಬೆಳಗಾದರೆ ಒಬ್ಬರ ಮುಖ ಒಬ್ಬರು ನೋಡಬೇಕಾದ ಹಳ್ಳಿಯಲ್ಲಿ ಅದಕ್ಕೊಂದು ಅರ್ಥವಿದೆ, ಒಪ್ಪುತ್ತೇನೆ. ಆದರೆ ಕಾಲೇಜಿನ ಸಂಘದಲ್ಲಿ ಅದು ನಡೆಯುವ ರೀತಿಯೇ ಬೇರೆ. ಒಂದು ಭಾನುವಾರ ಸೆಮಿನಾರ್ ಹಾಲಿನಲ್ಲಿ ಮೂವತ್ತು ನಲವತ್ತು ಜನ ಸೇರುತ್ತಾರೆ. ಬಹುಪಾಲು ಒಂದೆರಡು ಬ್ಯಾಚಿನ ಗೆಳೆಯರು. ಒಬ್ಬರು ಎದ್ದು ಒಂದು ಹೆಸರು ಹೇಳುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಉಳಿದವರು ಚಪ್ಪಾಳೆ. ಅಷ್ಟರಲ್ಲಿ ಬಾಗಿಲ ಹತ್ತಿರ ಮಂಡಕ್ಕಿ, ಮಿರ್ಚಿಯ ವಾಸನೆ ಬಂದಿರುತ್ತದೆ. ಅಲ್ಲಿಗೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಎಲ್ಲ ಹುದ್ದೆಯೂ ತುಂಬಿತು. ಆ ಕೋಣೆಯಲ್ಲಿ ಇಲ್ಲದವರನ್ನೂ ಹೀಗೆ ಆರಿಸಿದ್ದನ್ನು ನಾನು ಕಂಡಿದ್ದೇನೆ. ನಮ್ಮ ಸಂಘದ ಒಬ್ಬ ಕಾರ್ಯದರ್ಶಿಗೆ ತಾನು ಕಾರ್ಯದರ್ಶಿಯಾದ ವಿಷಯ ತಿಳಿದದ್ದು ಬೆಂಗಳೂರಿನಲ್ಲಿ, ಮಾರನೆಯ ದಿನ ಯಾರೋ ಅಭಿನಂದನೆ ಹೇಳಿದಾಗ. ಪಾಪ, ಅವರ ತಪ್ಪೇನಿದೆ? ಅವರನ್ನು ಯಾರೂ ಕೇಳಿರಲಿಲ್ಲ.

ಹಾಗೆ ಆದವರು ಕೆಲಸ ಮಾಡದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಬ್ಯಾಂಕಿನ ಕೌಂಟರಿನ ಒಳಗಡೆಯಿಂದ ನೋಡಿದವನು. ಹೊಸ ಸಮಿತಿ ಬಂದ ಮೇಲೆ ಖಾತೆಯಲ್ಲಿ ಸಹಿ ಬದಲಾಗಬೇಕು. ಅದಕ್ಕೆ ಸಭೆಯ ಠರಾವಿನ ನಕಲು ಬೇಕು, ಹೊಸ ಪದಾಧಿಕಾರಿಗಳ ಪಟ್ಟಿ ಬೇಕು, ಪ್ರತಿಯೊಬ್ಬರ ಗುರುತಿನ ದಾಖಲೆ ಬೇಕು. ಹೊಸಬರು ಬರುವುದಿಲ್ಲ, ಹಳಬರ ಸಹಿ ನಡೆಯುವುದಿಲ್ಲ. ಎರಡು ವರ್ಷ ಖಾತೆದಾರರ ಕಡೆಯಿಂದ ಒಂದು ವ್ಯವಹಾರವೂ ಇಲ್ಲದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷ ಹಾಗೇ ಬಿದ್ದಿದ್ದರೆ ಆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ. ಮರಳಿ ಕೇಳಬಹುದು, ನಿಜ. ಕೇಳುವುದಕ್ಕೂ ಒಬ್ಬರು ಬೇಕಲ್ಲ? ಬಡ ಹುಡುಗರ ಪರೀಕ್ಷಾ ಶುಲ್ಕಕ್ಕೆಂದು ಯಾರೋ ಕೊಟ್ಟ ದುಡ್ಡು ಅದು. ಶುಲ್ಕ ಕಟ್ಟುವ ಕೊನೆಯ ದಿನ ಬಂದು ಹೋಗುತ್ತದೆ, ಚೆಕ್ಕಿಗೆ ಸಹಿ ಬಿದ್ದಿರುವುದಿಲ್ಲ.

ಕಾನೂನು ಈ ವಿಷಯದಲ್ಲಿ ನಮ್ಮಷ್ಟು ಉದಾಸೀನವಾಗಿಲ್ಲ. ಇಂಥ ಸಂಘಗಳು ನೋಂದಣಿಯಾಗುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ. ಕನಿಷ್ಠ 7 ಜನ ಸೇರಿದರೆ ಸಂಘ ಕಟ್ಟಬಹುದು. ಕಟ್ಟಿದ ಮೇಲೆ ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಅವಧಿ ಮುಗಿದರೂ ಚುನಾವಣೆ ಮಾಡದೆ ಕೂತರೆ ಆಡಳಿತಾಧಿಕಾರಿಯನ್ನು ನೇಮಿಸುವ ಅಧಿಕಾರ ಸರ್ಕಾರಕ್ಕಿದೆ. ಎಷ್ಟೋ ಸಂಘಗಳಿಗೆ ಇದೆಲ್ಲ ನೆನಪಾಗುವುದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ತಂಡ ಕಾಲೇಜಿಗೆ ಬರುವ ಮುಂಚೆ. ನ್ಯಾಕಿನ ಏಳು ಮಾನದಂಡಗಳಲ್ಲಿ ಐದನೆಯದು ವಿದ್ಯಾರ್ಥಿಗಳಿಗೆ ಕೊಡುವ ಬೆಂಬಲಕ್ಕೆ ಸಂಬಂಧಿಸಿದ್ದು. ನೋಂದಾಯಿತ ಹಳೆಯ ವಿದ್ಯಾರ್ಥಿ ಸಂಘ ಇದೆಯೇ, ಅದು ಏನು ಮಾಡಿದೆ ಎಂದು ಅದರಲ್ಲಿ ಕೇಳುತ್ತಾರೆ. ತಂಡ ಬರುವ ತಿಂಗಳು ನಮ್ಮಲ್ಲೂ ಫೋನಿನ ಮೇಲೆ ಫೋನು ಬರುತ್ತಿತ್ತು. ತಂಡ ಹೋದ ಮೇಲೆ ಎಲ್ಲ ತಣ್ಣಗೆ.

ಸರಿ, ನಾನು ಚುನಾವಣಾಧಿಕಾರಿಯಾದೆ. ಮೊದಲು ಕೇಳಿದ್ದು ಸದಸ್ಯರ ಪುಸ್ತಕ. ಗ್ರಂಥಾಲಯದ ಹಿಂದಿನ ಕೋಣೆಯ ಬೀರುವಿನಿಂದ ಕೆಂಪು ಬಟ್ಟೆಯ ಬೆನ್ನಿನ ಒಂದು ಉದ್ದನೆಯ ರಿಜಿಸ್ಟರ್ ತಂದುಕೊಟ್ಟರು. ಮನೆಗೆ ತಂದು ಮೂರು ರಾತ್ರಿ ಅದನ್ನು ಓದಿದೆ. ಅರ್ಧಕ್ಕರ್ಧ ವಿಳಾಸಗಳಲ್ಲಿ 'ದಾವಣಗೆರೆ, ಚಿತ್ರದುರ್ಗ ಜಿಲ್ಲೆ' ಎಂದೇ ಇದೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅಂದರೆ ಅಷ್ಟು ವರ್ಷದಿಂದ ಆ ಪುಟಗಳ ಮೇಲೆ ಪೆನ್ನು ಆಡಿರಲಿಲ್ಲ. ಹರಪನಹಳ್ಳಿಯ ಒಬ್ಬರ ವಿಳಾಸದಲ್ಲಿ ಬಳ್ಳಾರಿ ಜಿಲ್ಲೆ ಎಂದಿದೆ. ಆ ತಾಲ್ಲೂಕು ದಾವಣಗೆರೆಗೆ ಬಂದು, ತಿರುಗಿ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹರಿಹರದ ಕಿರ್ಲೋಸ್ಕರ್ ಕ್ವಾರ್ಟರ್ಸ್ ಎಂದು ಬರೆದ ಹೆಸರುಗಳು ಸಾಲಾಗಿವೆ. ಆ ಕಾರ್ಖಾನೆ ಮುಚ್ಚಿ ಎಷ್ಟು ವರ್ಷವಾಯಿತು! ಆ ವಿಳಾಸಗಳಿಗೆ ನಾನು ಹಾಕಿದ ನೋಟಿಸುಗಳು ಒಂದೊಂದಾಗಿ ಹಿಂದಕ್ಕೆ ಬಂದವು. ಪೋಸ್ಟ್‌ಮನ್ ಕೆಂಪು ಶಾಯಿಯಲ್ಲಿ 'ವಿಳಾಸದಾರರು ಇಲ್ಲ' ಎಂದು ಬರೆದಿದ್ದರು.

ನನ್ನನ್ನು ಹೆಚ್ಚು ಕಾಡಿದ್ದು ಹೆಣ್ಣುಮಕ್ಕಳ ಹೆಸರುಗಳು. ನಮ್ಮ ತರಗತಿಯಲ್ಲಿ ನನಗಿಂತ ಚೆನ್ನಾಗಿ ಓದುತ್ತಿದ್ದವರು ಅವರೇ. ರಿಜಿಸ್ಟರಿನಲ್ಲಿ 'ಕುಮಾರಿ' ಇಂಥವರು, ಇಂಥವರ ಮಗಳು, ಮಂಡಿಪೇಟೆ ಎಂದಿದೆ. ಮಂಡಿಪೇಟೆಯ ಆ ಮನೆ ಈಗ ಅಂಗಡಿಗಳ ಸಾಲು. ತಂದೆ ತೀರಿಕೊಂಡಿದ್ದಾರೆ, ಅಣ್ಣತಮ್ಮಂದಿರು ಮನೆ ಮಾರಿ ಬಡಾವಣೆಗೆ ಹೋಗಿದ್ದಾರೆ. ಮದುವೆಯಾದ ಮೇಲೆ ಇವರ ಹೆಸರಿನ ಇನಿಷಿಯಲ್ ಬದಲಾಗಿದೆ, ಕೆಲವರದು ಹೆಸರೇ ಬದಲಾಗಿದೆ. ಆಧಾರ್ ಕಾರ್ಡಿನಲ್ಲಿ ಒಂದು, ಪದವಿ ಪ್ರಮಾಣಪತ್ರದಲ್ಲಿ ಇನ್ನೊಂದು. ಸದಸ್ಯತ್ವದ ಹಣ ಕಟ್ಟಿದ ರಸೀದಿ ಯಾರ ಹತ್ತಿರವೂ ಇಲ್ಲ. ಅವರನ್ನು ಮತದಾರರ ಪಟ್ಟಿಯಿಂದ ಯಾರೂ ಬೇಕೆಂದು ಕೈಬಿಟ್ಟಿರಲಿಲ್ಲ. ಆದರೂ ಅವರು ಪಟ್ಟಿಯಲ್ಲಿ ಇರಲಿಲ್ಲ. ಅಷ್ಟು ವರ್ಷ ನಾವು 'ಸರ್ವಾನುಮತ' ಎಂದು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡು ಬಂದದ್ದು ಇಂಥ ಪಟ್ಟಿಯನ್ನು ಇಟ್ಟುಕೊಂಡು. ಆ ಮೂರನೆಯ ರಾತ್ರಿ ನಾನು ತೀರ್ಮಾನ ಮಾಡಿದೆ: ಸಹಿ ಹಾಕಿ ಮುಗಿಸುವ ಕೆಲಸ ಇದಾಗಬಾರದು, ಓಟು ನಡೆಯಲೇಬೇಕು.

ಕೆಲವರಿಗೆ ಸಿಟ್ಟು ಬಂತು. "ಪುಕ್ಕಟೆ ಕೆಲಸ ಮಾಡೋಕೆ ಬರುವವರನ್ನ ಪರೀಕ್ಷೆಗೆ ಕೂರಿಸ್ತೀರಾ?" ಎಂದು ಒಬ್ಬ ಹಿರಿಯರು ಕೇಳಿದರು. ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಸ್ವಂತ ದುಡಿಮೆ, ಸಂಸಾರ ಬಿಟ್ಟು ಬರುವವರ ಮನಸ್ಸು ನೋಯಿಸಬಾರದು. ಆದರೆ ಸಂಬಳ ಕೊಡುವವನಿಗೆ ಕೆಲಸ ಎಲ್ಲಿಗೆ ಬಂತು ಎಂದು ಕೇಳುವ ಹಕ್ಕು ಇರುತ್ತದೆ. ಸಂಬಳವಿಲ್ಲದ ಕಡೆ ಆ ಹಕ್ಕು ಓಟಿನಿಂದ ಮಾತ್ರ ಬರುತ್ತದೆ. ಓಟು ಹಾಕದೆ ಕೂರಿಸಿದವರನ್ನು ನಾವು ಯಾವ ಬಾಯಿಂದ ಕೇಳುವುದು?

ನಾಮಪತ್ರದ ಜೊತೆ ಒಂದು ಹಾಳೆ ಲಗತ್ತಿಸಿದೆ. ಆಯಾ ಹುದ್ದೆಯ ಕೆಲಸ ಏನು, ವಾರಕ್ಕೆ ಎಷ್ಟು ಹೊತ್ತು ಬೇಕು ಎಂದು ಅದರಲ್ಲಿ ಬರೆದಿತ್ತು. ಕಾರ್ಯದರ್ಶಿಗೆ ವಾರಕ್ಕೆ ಐದು ತಾಸು, ನೋಂದಣಿ ಕಚೇರಿಗೆ ಕಾಗದ ಸಲ್ಲಿಸುವುದು, ನಡಾವಳಿ ಬರೆಯುವುದು, ಪ್ರಾಂಶುಪಾಲರನ್ನು ತಿಂಗಳಿಗೊಮ್ಮೆ ಕಾಣುವುದು. ಖಜಾಂಚಿಯ ಹಾಳೆ ಇನ್ನೂ ಉದ್ದ. ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿ ದೇಣಿಗೆ ಕಳಿಸಿದಾಗ, ಅವರದು ಭಾರತದ ಪಾಸ್‌ಪೋರ್ಟೋ ಅಲ್ಲಿಯ ಪಾಸ್‌ಪೋರ್ಟೋ ಎಂದು ಖಜಾಂಚಿ ವಿಚಾರಿಸಲೇಬೇಕು. ಭಾರತದ ಪೌರತ್ವ ಉಳಿಸಿಕೊಂಡ ಅನಿವಾಸಿ ತನ್ನ ದುಡಿಮೆಯ ಹಣ ಕೊಟ್ಟರೆ ತೊಂದರೆಯಿಲ್ಲ. ಅಲ್ಲಿಯ ಪ್ರಜೆಯಾದವರು ಕೊಟ್ಟರೆ ಅದು 2010ರ ವಿದೇಶಿ ವಂತಿಗೆ ಕಾಯ್ದೆಗೆ ಒಳಪಡುತ್ತದೆ, ಸಂಘಕ್ಕೆ ಆ ಕಾಯ್ದೆಯ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ. ಪ್ರೀತಿಯಿಂದ ಕಳಿಸಿದ ಹಣವೇ ಸಂಘಕ್ಕೆ ಮುಳುವಾಗಬಾರದಲ್ಲ.

ಹಾಳೆ ಓದಿ ಇಬ್ಬರು ನಾಮಪತ್ರ ವಾಪಸ್ ತೆಗೆದುಕೊಂಡರು. ಅವರ ಮೇಲೆ ನನಗೆ ಗೌರವ ಹೆಚ್ಚಿತು. ಕಾರ್ಯದರ್ಶಿ ಸ್ಥಾನಕ್ಕೆ ಇಬ್ಬರು ಉಳಿದರು: ನಗರದ ಒಬ್ಬ ವಕೀಲರು, ಮತ್ತು ಶಾಲೆಯಲ್ಲಿ ಗಣಿತ ಪಾಠ ಮಾಡಿ ನಿವೃತ್ತರಾದ ಒಬ್ಬ ಮೇಷ್ಟ್ರಮ್ಮ.

ಮತದಾನ ನಡೆದದ್ದು ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ. ಅಲ್ಲಿಯ ಉದ್ದ ಮೇಜುಗಳ ನಡುವೆ ರಟ್ಟಿನ ಮರೆ ಮಾಡಿದ್ದೆವು. ಸಂಜೆ ಎಣಿಕೆ. ಮತಪತ್ರಗಳನ್ನು ಇಪ್ಪತ್ತೈದರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕುತ್ತಾ ಹೋದೆವು. ಒಂದು ಮತಪತ್ರದಲ್ಲಿ ಗುರುತು ಇರಲಿಲ್ಲ. ಎರಡು ಹೆಸರುಗಳ ನಡುವೆ, ನಡುಗುವ ಕೈಬರಹದಲ್ಲಿ 'ಇಬ್ಬರೂ ಒಳ್ಳೆಯವರೇ' ಎಂದು ಬರೆದಿತ್ತು. ಯಾರೋ ಬಹಳ ಹಿರಿಯರದ್ದಿರಬೇಕು. ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ಮನಸ್ಸು ದೊಡ್ಡದು. ಆದರೂ ಅದನ್ನು ತಿರಸ್ಕೃತ ಮತಗಳ ಲಕೋಟೆಗೇ ಹಾಕಬೇಕಾಯಿತು. ಒಳ್ಳೆಯವರಿಬ್ಬರಲ್ಲಿ ಈ ಎರಡು ವರ್ಷದ ಕೆಲಸಕ್ಕೆ ಯಾರು ಎಂದು ನಾವು ಕೇಳಿದ್ದೆವು, ಅದಕ್ಕೆ ಉತ್ತರ ಆ ಹಾಳೆಯಲ್ಲಿ ಇರಲಿಲ್ಲ.

ಮೇಷ್ಟ್ರಮ್ಮ 9 ಮತಗಳಿಂದ ಸೋತರು. "ಇನ್ನೊಂದು ಸಲ ಎಣಿಸಿ" ಎಂದು ಕೇಳಿದರು. ಹಿಂದಿನ ಸಾಲಿನಲ್ಲಿ ಗುಸುಗುಸು ಆಯಿತು. ನನಗೆ ಮಾತ್ರ ಅವರು ಕೇಳಿದ್ದು ಬಹಳ ಸರಿಯೆನಿಸಿತು, ಎಣಿಸಿದೆವು. ಅದೇ 9. ಅವರು ಫಲಿತಾಂಶದ ಹಾಳೆಗೆ ಸಹಿ ಹಾಕಿ, ವಕೀಲರಿಗೆ ಕೈ ಮುಗಿದು, ನನ್ನ ಕಡೆ ತಿರುಗಿ, "ಆ ಕೆಂಪು ಪುಸ್ತಕ ನನಗೆ ಕೊಡ್ತೀರಾ?" ಎಂದರು. ಹೊಸ ಕಾರ್ಯದರ್ಶಿ ಒಂದು ಮಾತೂ ಆಡದೆ ಬೀರುವಿನ ಕೀಲಿ ಅವರ ಕೈಗಿತ್ತರು. ಆ ಸಂಜೆ ನಾನು ಕಂಡ ಅತಿ ಒಳ್ಳೆಯ ದೃಶ್ಯ ಅದು.

ಅಂದಿನಿಂದ ಮೇಷ್ಟ್ರಮ್ಮ ವಿದ್ಯಾನಗರದ ತಮ್ಮ ಮನೆಯಲ್ಲಿ ದಿನಾ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಫೋನು ಹಿಡಿದು ಕೂರುತ್ತಾರೆ. ಒಬ್ಬಳನ್ನು ಕೇಳಿ ಇನ್ನೊಬ್ಬಳ ನಂಬರು, ಅವಳನ್ನು ಕೇಳಿ ಮತ್ತೊಬ್ಬಳದು. ಹಳೆಯ ಹೆಸರನ್ನು ಅವರು ಹೊಡೆದು ಹಾಕುವುದಿಲ್ಲ. ಅದರ ಕೆಳಗೆ ಹಸಿರು ಶಾಯಿಯಲ್ಲಿ ಈಗಿನ ಹೆಸರು, ಈಗಿನ ಊರು ಬರೆಯುತ್ತಾರೆ. ಪದವಿ ಪ್ರಮಾಣಪತ್ರದ ನಕಲಿದ್ದರೆ ಸಾಕು, ಹಳೆಯ ರಸೀದಿ ಬೇಡ ಎಂದು ಸಂಘ ಠರಾವು ಮಾಡಿದೆ.

ಈಗ ನನ್ನದೊಂದು ಮನವಿ, ನಮ್ಮ ಸಂಘಕ್ಕೂ, ಈ ಊರಿನ ಉಳಿದ ಕಾಲೇಜುಗಳ ಸಂಘಗಳಿಗೂ. ದಾವಣಗೆರೆ ಕಾಲೇಜುಗಳ ಊರಾದದ್ದು ಊರಿನವರ ಕೈಗುಣದಿಂದ. 1951ರಲ್ಲಿ ಶುರುವಾದ ಬಿಡಿಟಿ ಎಂಜಿನಿಯರಿಂಗ್ ಕಾಲೇಜಿನ ಹೆಸರಲ್ಲೇ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಎಂಬ ದಾನಿಯ ಹೆಸರಿದೆ. ಅಂಥ ಊರಿನಲ್ಲಿ ಓದಿದವರು ಎಲ್ಲೆಲ್ಲೋ ಇದ್ದಾರೆ. ಅವರೆಲ್ಲ ಒಟ್ಟಿಗೆ ಊರಿಗೆ ಬರುವುದು ಯಾವಾಗ? ದುಗ್ಗಮ್ಮನ ಜಾತ್ರೆಗೆ. ನಗರದೇವತೆ ದುರ್ಗಾಂಬಿಕೆಯ ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ನಮ್ಮ ಸಮಿತಿಯ ಅವಧಿಯೂ ಎರಡು ವರ್ಷ. ಜಾತ್ರೆಗೆ ಬಾರದ ಮಗಳಿಲ್ಲ, ಅಳಿಯನಿಲ್ಲ. ಮನೆಮನೆಯಲ್ಲಿ ಚಾಪೆ ಸಾಲದಷ್ಟು ಜನ. ಹಬ್ಬದ ದಿನಗಳಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ, ಅದನ್ನು ಬಿಡೋಣ. ಅದರ ನಂತರ ಬರುವ ಭಾನುವಾರ, ಊಟದ ಆಯಾಸ ಇಳಿದು, ಬಸ್ಸಿಗೆ ಇನ್ನೂ ಹೊತ್ತಿರುವಾಗ, ಎರಡು ತಾಸು ಕಾಲೇಜಿನ ಬಾಗಿಲು ತೆಗೆಯೋಣ. ತವರಿಗೆ ಬಂದ ಹೆಣ್ಣುಮಗಳು ಮಕ್ಕಳನ್ನು ಕರಕೊಂಡು ತಾನು ಕೂತ ಬೆಂಚು ತೋರಿಸಿ, ಓಟು ಹಾಕಿ ಹೋಗಲಿ. ಮೊಬೈಲಿನಲ್ಲಿ ಓಟು ಎಂದು ಕೆಲವರು ಸೂಚಿಸಿದ್ದಾರೆ. ದೂರದೇಶದವರಿಗೆ ಅದೂ ಇರಲಿ, ನನ್ನ ವಿರೋಧವಿಲ್ಲ.

ಕಳೆದ ವಾರ ಮೇಷ್ಟ್ರಮ್ಮನ ಮನೆಗೆ ಹೋಗಿದ್ದೆ. ಫೋನಿನಲ್ಲಿ ಸಾಗರದ ಕಡೆಯ ಒಬ್ಬರು ಇದ್ದರು, ನಮಗಿಂತ ನಾಲ್ಕು ವರ್ಷ ಹಿರಿಯರು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು. ಕಾಲೇಜು ಬಿಟ್ಟ ಮೇಲೆ ಯಾರೂ ತನ್ನನ್ನು ಹೀಗೆ ಹುಡುಕಿ ಫೋನು ಮಾಡಿರಲಿಲ್ಲ ಎಂದರು. ಆಮೇಲೆ ದನಿ ತಗ್ಗಿಸಿ, "ನನಗೂ ಓಟು ಇದೆಯಾ?" ಎಂದು ಕೇಳಿದರು. ಮೇಷ್ಟ್ರಮ್ಮ ಹಸಿರು ಪೆನ್ನಿನ ಮುಚ್ಚಳ ತೆಗೆದು, "ಇದೆ, ಹೆಸರು ನಿಧಾನಕ್ಕೆ ಹೇಳಿ, ಬರಕೊಳ್ತೀನಿ" ಎಂದರು.

ನಮಸ್ಕಾರ.