ಬಾಗಿಲು ತೆರೆದು ಕೊಡುವ ಆಶೀರ್ವಾದ

ಪ್ರಿಯರೇ, ಸಭೆಯಲ್ಲಿ ಕುಟುಂಬ ವಾರ ಬಂತೆಂದರೆ ಬೈಬಲಿನ ಇಸಾಕನ ಹಿರಿಮಗ ಏಸಾವನ ಪಾಡು ಕೇಳಬೇಡಿ. ಒಂದು ಹೊತ್ತಿನ ಊಟಕ್ಕೆ ಚೊಚ್ಚಲತನ, ಅಂದರೆ ಹಿರಿಮಗನ ಹಕ್ಕು, ತಮ್ಮ ಯಾಕೋಬನಿಗೆ ಮಾರಿಕೊಂಡವನು ಎಂದು ಸಂಡೇ ಸ್ಕೂಲಿನಿಂದಲೂ ಅವನನ್ನು ಬೈದುಕೊಂಡೇ ಬೆಳೆದಿದ್ದೇವೆ. ಇಬ್ರಿಯರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯವೂ ಅವನನ್ನು ಬಿಟ್ಟಿಲ್ಲ. ತಪ್ಪು ಅವನದೇ, ಒಪ್ಪೋಣ. ಆದರೆ ಆ ದಿನ ಅವನು ತಿಂದು, ಕುಡಿದು, ಎದ್ದು ಹೋದನೇ ಹೊರತು ಯಾರನ್ನೂ ಕೊಲ್ಲುತ್ತೇನೆ ಅನ್ನಲಿಲ್ಲ. ಆ ಮಾತು ಬಂದದ್ದು ಆದಿಕಾಂಡ 27ರಲ್ಲಿ, ತಂದೆ ಒಬ್ಬನೇ ಮಗನನ್ನು ಕರೆದು ಗುಟ್ಟಾಗಿ ಆಶೀರ್ವದಿಸಲು ಹೊರಟ ಮೇಲೆ.

ನನ್ನ ವಾದ ಇಷ್ಟೇ: ಆಶೀರ್ವಾದವನ್ನು ಬಾಗಿಲು ಮುಚ್ಚಿ ಕೊಡಬೇಡಿ. ಇಸಾಕನಿಗೆ ಏಸಾವ ಬೇಕು, ಹೆಂಡತಿ ರೆಬೆಕ್ಕಳಿಗೆ ಯಾಕೋಬ ಬೇಕು. ಒಬ್ಬರು ಒಳಗೆ ಪಿಸುಗುಟ್ಟಿದರು, ಇನ್ನೊಬ್ಬರು ಹೊರಗೆ ಕಿವಿಗೊಟ್ಟರು. ತಾಯಿ ಮಾತು ಕೇಳಿ ಯಾಕೋಬ ಅಣ್ಣನ ವೇಷದಲ್ಲಿ ಹೋಗಿ ಆ ಆಶೀರ್ವಾದ ಕದ್ದ; ಕೊಲ್ಲುತ್ತೇನೆಂದ ಅಣ್ಣನಿಂದ ತಪ್ಪಿಸಿಕೊಂಡು ಓಡಬೇಕಾಯಿತು. "ಕೆಲವು ದಿನ ಅಲ್ಲಿರು" ಎಂದು ತಾಯಿ ಕಳಿಸಿದ ಮಗ ಸೋದರಮಾವ ಲಾಬಾನನ ಮನೆಯಲ್ಲಿ 20 ವರ್ಷ ದುಡಿದ. ಆಮೇಲೆ ಆಕೆ ಮಗನ ಮುಖ ನೋಡಿದಳೆಂದು ಎಲ್ಲಿಯೂ ಬರೆದಿಲ್ಲ.

ಇನ್ನು ಊರಿಗೆ ಮರಳುವಾಗ ಯಾಕೋಬ ಅಣ್ಣನೊಂದಿಗೆ ರಾಜಿಯಾದ ರೀತಿ ನೋಡಿ, ಇಲ್ಲಿ ಸ್ವಲ್ಪ ನಿಲ್ಲೋಣ. "ಆದದ್ದಾಯಿತು ಅಣ್ಣಾ, ಮರೆತುಬಿಡು" ಎಂದು ಅವನು ಹೇಳಿ ಕಳಿಸಲಿಲ್ಲ. ಕಾಣಿಕೆ ಕಳಿಸಿದ: 200 ಮೇಕೆ, 20 ಹೋತ. 200 ಕುರಿ, 20 ಟಗರು. ಹಾಲು ಕೊಡುವ 30 ಒಂಟೆ, ಮರಿಗಳ ಸಮೇತ. 40 ಹಸು, 10 ಹೋರಿ. 20 ಹೆಣ್ಣುಕತ್ತೆ, 10 ಗಂಡುಕತ್ತೆ. ಮರಿ ಬಿಟ್ಟು 550 ತಲೆ! ಕುರಿ ಸಾಕಿದವರು ಈ ಸಭೆಯಲ್ಲಿದ್ದರೆ ಲೆಕ್ಕ ಗಮನಿಸಿರುತ್ತೀರಿ: ಕುರಿ ಮೇಕೆಗಳಲ್ಲಿ ಹತ್ತು ಹೆಣ್ಣಿಗೊಂದು ಗಂಡು. ಕೊಯ್ದು ತಿಂದು ಮುಗಿಸಲು ಕಳಿಸಿದ್ದಲ್ಲ, ಅಣ್ಣನ ಕೊಟ್ಟಿಗೆಯಲ್ಲಿ ಬೆಳೆಯಲೆಂದು ಕಳಿಸಿದ ಮಂದೆ. ಒಟ್ಟಿಗೆ ನುಗ್ಗಿಸಲೂ ಇಲ್ಲ. ಮಂದೆ ಮಂದೆಗೂ ನಡುವೆ ಜಾಗ ಬಿಟ್ಟು ಕಳಿಸಿದ; ಸಿಟ್ಟು ಇಳಿಯಲು ಹೊತ್ತು ಬೇಕಲ್ಲವೇ. ಕದ್ದ ಆಶೀರ್ವಾದದಲ್ಲಿ "ಸಹೋದರರು ನಿನಗೆ ಅಡ್ಡಬೀಳಲಿ" ಎಂಬ ಅರ್ಥದ ಮಾತಿತ್ತು. ಈಗ ಏಳು ಸಾರಿ ನೆಲಕ್ಕೆ ಬಾಗಿದವನು ಯಾಕೋಬನೇ. ಅಣ್ಣ ಬೇಡವೆಂದರೂ ಒತ್ತಾಯ ಮಾಡಿ ಕೊಟ್ಟ. ಬಾಯಿಮಾತಿನ ಕ್ಷಮೆ ನಮ್ಮ ಮನೆಗಳಲ್ಲಿ ಏಕೆ ನಿಲ್ಲುವುದಿಲ್ಲ ಎಂದರೆ, ಕಿತ್ತುಕೊಂಡದ್ದು ಕಿತ್ತುಕೊಂಡವನ ಕೈಯಲ್ಲೇ ಉಳಿದಿರುತ್ತದೆ.

ಅಪ್ಪಿಕೊಂಡು ಅತ್ತ ಮೇಲೆ ಅವರು ಒಂದೇ ಸೂರಿನಡಿ ಬಾಳಿದರೇ? ಇಲ್ಲ. ಏಸಾವ ಸೇಯೀರಿಗೆ, ಯಾಕೋಬ ಸುಕ್ಕೋತಿಗೆ. ಮೂವತ್ತು ನಲವತ್ತರ ಸೈಟಿನಲ್ಲಿ ಅಣ್ಣನಿಗೊಂದು ಮಹಡಿ, ತಮ್ಮನಿಗೊಂದು ಮಹಡಿ ಕಟ್ಟಿಸಿ, ಒಂದೇ ಮೆಟ್ಟಿಲಲ್ಲಿ ಮಾತಿಲ್ಲದೆ ಹತ್ತಿಳಿಯುವ ನಮ್ಮ ಬೆಂಗಳೂರಿನವರು ಇದನ್ನು ಓದಬೇಕು. ದೂರವಿದ್ದೂ ಸಮಾಧಾನವಾಗಿರಬಹುದು. ಇಸಾಕ 180 ವರ್ಷ ಬಾಳಿ ತೀರಿಕೊಂಡಾಗ ಇಬ್ಬರೂ ಬಂದು ಸಮಾಧಿ ಮಾಡಿದರು.

ಈಗ ಆಸ್ತಿಯ ಮಾತು. ಸಭೆಯಲ್ಲಿ ಇದೇಕೆ ಅನ್ನಬೇಡಿ. ಪ್ರಾರ್ಥನೆ ನಿಂತ ಎಷ್ಟೋ ಮನೆಗಳಲ್ಲಿ ಅದು ನಿಂತದ್ದು ಪಾಲಿನ ದಿನವೇ. ಕ್ರೈಸ್ತರಾದ ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಗಂಡ ವಿಲ್ ಬರೆಯದೆ ತೀರಿಕೊಂಡು ಹೆಂಡತಿ, ಮಕ್ಕಳು ಇದ್ದರೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು. ಉಳಿದದ್ದು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮನಾಗಿ. ವಿಲ್ ಬರೆದರೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಎಡವುವುದು ಇಲ್ಲಿ: ಪಾಲು ಪಡೆಯುವ ಮಗನಿಂದಲೋ ಸೊಸೆಯಿಂದಲೋ ಸಾಕ್ಷಿ ಸಹಿ ಹಾಕಿಸುತ್ತಾರೆ. ವಿಲ್ ಉಳಿಯುತ್ತದೆ, ಆ ಮಗನಿಗೆ ಬರೆದದ್ದು ಬಿದ್ದುಹೋಗುತ್ತದೆ. ಹೊರಗಿನವರನ್ನು ಸಾಕ್ಷಿಗೆ ಕರೆಯಿರಿ. ಬರೆದದ್ದನ್ನು ಎಲ್ಲ ಮಕ್ಕಳ ಮುಂದೆ ಓದಿ ಹೇಳಿ. ಮತ್ತೆ ಅದೇ ಮಾತು: ಬಾಗಿಲು ತೆರೆದಿರಲಿ.

ಗಡಿಯಾರ ನೋಡುತ್ತಿದ್ದೀರಿ, ಮುಗಿಸುತ್ತೇನೆ. ಭಾಷೆಯ ಬಗ್ಗೆ ಹೇಳುವುದು ಬಹಳವಿತ್ತು. ಜರ್ಮನ್ ಮಿಷನರಿ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಬಂತು, ಅವರ ಪ್ರತಿಮೆ ಎಂ.ಜಿ. ರಸ್ತೆಯಲ್ಲಿದೆ, ಅವರು ಕನ್ನಡದಲ್ಲಿ ಕ್ರೈಸ್ತ ಕಾವ್ಯವನ್ನೂ ಬರೆದರೆಂದು ನಮ್ಮ ಮಕ್ಕಳಿಗೆ ಗೊತ್ತೇ? ಅಜ್ಜಿಯ ಕನ್ನಡ ಕೀರ್ತನೆ ಮೊಮ್ಮಗನಿಗೆ ಬಾರದಿದ್ದರೆ ಅದೂ ಮಾರಿಹೋದ ಚೊಚ್ಚಲತನವೇ. ವಾರಕ್ಕೊಂದು ಸಂಜೆ 15 ನಿಮಿಷ, ಒಂದು ಕೀರ್ತನೆ, ಕನ್ನಡದಲ್ಲಿ ಒಂದು ಅಧ್ಯಾಯ. ಓದುವ ಸರದಿ ಚಿಕ್ಕವರಿಂದ ಶುರುವಾಗಲಿ.

ಕೊನೆಯದಾಗಿ ಆದಿಕಾಂಡ 49 ತೆರೆಯಿರಿ. ಮಕ್ಕಳಲ್ಲಿ ಯೋಸೇಫನೊಬ್ಬನಿಗೇ ನಿಲುವಂಗಿ ಹೊಲಿಸಿ ಅಪ್ಪನ ತಪ್ಪನ್ನೇ ಮಾಡಿದ್ದ ಯಾಕೋಬ, ಮರಣಹಾಸಿಗೆಯಲ್ಲಿ 12 ಮಕ್ಕಳನ್ನೂ ಒಟ್ಟಿಗೆ ಕರೆದ. ರೂಬೇನನಿಗೆ, ಸಿಮೆಯೋನ್ ಲೇವಿಯರಿಗೆ ಹೇಳಿದ ಕಹಿ ಮಾತನ್ನೂ ಎಲ್ಲರ ಎದುರೇ ಹೇಳಿದ. ಆ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಎಲ್ಲರೂ ಕೂತು ಓದಿ.