ಡೂಮ್ ಆಟದ ಗುಂಡು ರಾಕ್ಷಸನ ಮೈಯೊಳಗಿಂದ ಹಾದುಹೋಗುವುದೇಕೆ?

ನಮಸ್ಕಾರ. ಬಳ್ಳಾರಿಯಿಂದ ನಡೆಯುವ ಈ ಚಾನೆಲ್‌ಗೆ ಸಿಂಧನೂರಿನ ವೀಕ್ಷಕರೊಬ್ಬರು ಕಳಿಸಿದ ಪ್ರಶ್ನೆಯೇ ಇಂದಿನ ವಿಷಯ. ರಾಕ್ಷಸರನ್ನು ಗುಂಡಿಟ್ಟು ಕೊಲ್ಲುವ ಕಂಪ್ಯೂಟರ್ ಆಟ ಡೂಮ್ ಆಡುವಾಗ ಗುಲಾಬಿ ಬಣ್ಣದ ರಾಕ್ಷಸ ಕಣ್ಣೆದುರೇ ನಿಂತಿದ್ದರೂ ಕೆಲವೊಮ್ಮೆ ಗುಂಡು ತಾಗುವುದಿಲ್ಲವಲ್ಲ, ಏಕೆ ಎಂದು ಅವರು ಕೇಳಿದ್ದಾರೆ. ಗುರಿ ನೆಟ್ಟಗಿದ್ದರೂ ಹಾಗಾಗುವುದುಂಟು, ಅದು ಆಟದ್ದೇ ದೋಷ. ಆದರೆ ಆ ದೋಷವನ್ನು ತಿದ್ದದೆ ಜೋಪಾನವಾಗಿ ಉಳಿಸಿಕೊಂಡು ಬಂದವರಿದ್ದಾರೆ, ಮತ್ತು ಅವರು ಮಾಡಿದ್ದೇ ಸರಿ ಎಂದು ನಾನು ನಂಬಿದ್ದೇನೆ.

ಇಡ್ ಸಾಫ್ಟ್‌ವೇರ್ ಈ ಆಟವನ್ನು 1993ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಇಷ್ಟು ಸಾಕು, ಗುಂಡಿನ ವಿಷಯಕ್ಕೆ ಬರೋಣ.

[ಪರದೆಯ ಮೇಲೆ: ಮೇಲಿನಿಂದ ಕಂಡ ನಕ್ಷೆ, ಅದರ ಮೇಲೆ ಚೌಕಗಳು]

ಅಂದಿನ ಕಂಪ್ಯೂಟರುಗಳು ನಿಧಾನ. ಒಂದೊಂದು ಗುಂಡಿಗೂ ನಕ್ಷೆಯಲ್ಲಿರುವ ಎಲ್ಲ ರಾಕ್ಷಸರನ್ನು ಪರೀಕ್ಷಿಸುತ್ತ ಕೂತರೆ ಆಟ ತೆವಳುತ್ತಿತ್ತು. ಹೀಗಾಗಿ ನಕ್ಷೆಯನ್ನು 128 ಯೂನಿಟ್ (ಆಟದೊಳಗಿನ ಅಳತೆ) ಉದ್ದಗಲದ ಚೌಕಗಳಾಗಿ ವಿಂಗಡಿಸಿ, ಯಾವ ಚೌಕದಲ್ಲಿ ಯಾರಿದ್ದಾರೆಂಬ ಪಟ್ಟಿ ಇಟ್ಟರು. ಗುಂಡು ತಾನು ಹಾದುಹೋಗುವ ಚೌಕಗಳ ಪಟ್ಟಿಯನ್ನಷ್ಟೇ ನೋಡುತ್ತದೆ. ತೊಡಕಿರುವುದು ಇಲ್ಲಿ: ಗುಲಾಬಿ ರಾಕ್ಷಸನ ಮೈ 60 ಯೂನಿಟ್ ಅಗಲವಿದ್ದರೂ, ಅವನ ಹೆಸರು ಅವನ ನಡುಬಿಂದು ಇರುವ ಒಂದೇ ಚೌಕದ ಪಟ್ಟಿಯಲ್ಲಿರುತ್ತದೆ.

ಸಿಂಧನೂರಿನವರಿಗೆ ಇದನ್ನು ಹೊಲದ ಲೆಕ್ಕದಲ್ಲೇ ಹೇಳಬಹುದು. ಬದುವಿನ ಪಕ್ಕದ ಬೇವಿನ ಮರದ ಬೊಡ್ಡೆ ನಿಮ್ಮ ಸರ್ವೆ ನಂಬರಿನಲ್ಲಿದೆ, ಅರ್ಧ ಟೊಂಗೆ ಪಕ್ಕದ ಹೊಲದ ಮೇಲೆ ಚಾಚಿದೆ ಎಂದುಕೊಳ್ಳಿ. ಮರ ದಾಖಲಾಗುವುದು ನಿಮ್ಮ ಪಹಣಿಯಲ್ಲಿ ಮಾತ್ರ. ಹೊಲಕ್ಕೆ ಕಾಲಿಡದೆ ಪಕ್ಕದವರ ಪಹಣಿಯನ್ನಷ್ಟೇ ಓದಿದವರು, ನೆರಳು ಆ ನೆಲದ ಮೇಲೆಯೇ ಬಿದ್ದಿದ್ದರೂ, ಅಲ್ಲಿ ಮರವೇ ಇಲ್ಲ ಎನ್ನುತ್ತಾರೆ. ಗುಂಡು ಓದುವುದೂ ಆ ಪಕ್ಕದ ಪಹಣಿಯನ್ನೇ. ರಾಕ್ಷಸನ ಭುಜ ಪಕ್ಕದ ಚೌಕಕ್ಕೆ ಚಾಚಿದ್ದರೂ ಆ ಪಟ್ಟಿಯಲ್ಲಿ ಅವನ ಹೆಸರಿಲ್ಲ, ಆದ್ದರಿಂದ ಗುಂಡು ಭುಜದೊಳಗಿಂದಲೇ ದಾಟಿ ಹಿಂದಿನ ಗೋಡೆಗೆ ಬಡಿಯುತ್ತದೆ.

1997ರಲ್ಲಿ ಆಟದ ಸೋರ್ಸ್ ಕೋಡ್, ಅಂದರೆ ಅದರ ಮೂಲ ಪ್ರೋಗ್ರಾಂ, ಬಹಿರಂಗವಾದ ಮೇಲೆ ಇದನ್ನು ಯಾರು ಬೇಕಾದರೂ ತಿದ್ದಬಹುದಿತ್ತು, ಕೆಲವರು ತಿದ್ದಿದರು ಕೂಡ. ಹಾಗಿದ್ದರೆ ಉಳಿದವರು ಏಕೆ ಬಿಟ್ಟರು?

[ಪರದೆಯ ಮೇಲೆ: ಹಳೆಯ ಡೆಮೊ ಓಡುತ್ತಿದೆ]

ಡೆಮೊ ಎಂದರೆ ಆಡಿದ ಆಟವನ್ನು ಮತ್ತೆ ನೋಡಲು ಉಳಿಸಿಟ್ಟ ದಾಖಲೆ. ಡೂಮ್‌ನ ಡೆಮೊ ಫೈಲಿನಲ್ಲಿ ದೃಶ್ಯವೂ ಇಲ್ಲ, ರಾಕ್ಷಸರ ಚಲನೆಯೂ ಇಲ್ಲ. ಸೆಕೆಂಡಿಗೆ 35 ಬಾರಿ, ಪ್ರತಿ ಬಾರಿ 4 ಬೈಟ್‌ಗಳಂತೆ, ಆಟಗಾರ ಹೇಗೆ ಚಲಿಸಿದ, ಎತ್ತ ತಿರುಗಿದ, ಯಾವಾಗ ಗುಂಡು ಹಾರಿಸಿದ ಎಂಬುದಷ್ಟೇ ಅಲ್ಲಿ ದಾಖಲಾಗಿರುತ್ತದೆ. ಒಂದು ನಿಮಿಷದ ಆಟಕ್ಕೆ 8,400 ಬೈಟ್ ಸಾಕು. ಉಳಿದುದನ್ನೆಲ್ಲ ಆಟ ಮತ್ತೆ ಹೊಸದಾಗಿ ಲೆಕ್ಕ ಹಾಕುತ್ತದೆ. ಆಕಸ್ಮಿಕವೆಂದು ಕಾಣುವ ಘಟನೆಗಳು ಕೂಡ 256 ಸಂಖ್ಯೆಗಳ ಒಂದು ಸ್ಥಿರ ಕೋಷ್ಟಕದಿಂದಲೇ ಬರುವುದರಿಂದ, ಪ್ರತಿ ಸಲವೂ ಅದೇ ಆಟ ಮರುಕಳಿಸುತ್ತದೆ. ಈಗ ಆ ಗುಂಡಿನ ದೋಷವನ್ನು ತಿದ್ದಿದೆವು ಎನ್ನೋಣ. ಅಂದು ತಪ್ಪಿದ ಗುಂಡು ಇಂದು ತಾಗುತ್ತದೆ, ಕೋಷ್ಟಕದ ಸರದಿ ಹಿಂದೆಮುಂದಾಗುತ್ತದೆ, ಬದುಕಿರಬೇಕಾದವನು ಸಾಯುತ್ತಾನೆ, ಕೊನೆಗೆ ದಾಖಲೆ ಬರೆದಿದ್ದ ಆಟಗಾರ ಖಾಲಿ ಗೋಡೆಗೆ ಗುಂಡು ಹಾರಿಸುತ್ತ ನಿಲ್ಲುತ್ತಾನೆ. 1994ರಿಂದ ಆಟಗಾರರು ಅಕ್ಕರೆಯಿಂದ ಕೂಡಿಟ್ಟ ವೇಗದ ದಾಖಲೆಗಳು ಹೀಗೆ ಅರ್ಥ ಕಳೆದುಕೊಳ್ಳುವುದನ್ನು ನಾನಂತೂ ಒಪ್ಪಲಾರೆ. ಚಾಕೊಲೇಟ್ ಡೂಮ್ ಎಂಬ ಉಚಿತ ಆವೃತ್ತಿ ಮೂಲದ ದೋಷಗಳನ್ನು ಉದ್ದೇಶಪೂರ್ವಕವಾಗಿ ಹಾಗೆಯೇ ಉಳಿಸಿಕೊಂಡಿದೆ.

ಸಮಯ ಕಡಿಮೆ ಇರುವುದರಿಂದ ಇನ್ನೆರಡು ದೋಷಗಳನ್ನು ಒಟ್ಟಿಗೇ ಹೇಳುತ್ತೇನೆ. ಮುಂದಕ್ಕೂ ಪಕ್ಕಕ್ಕೂ ಒಮ್ಮೆಗೇ ಓಡಿದರೆ ಮುಂದಿನ 50 ಮತ್ತು ಪಕ್ಕದ 40ರ ವೇಗಗಳು ಕೂಡಿ ಓರೆ ದಿಕ್ಕಿನಲ್ಲಿ ಸುಮಾರು 64 ಆಗುತ್ತವೆ, ಅಂದರೆ ನೇರ ಓಟಕ್ಕಿಂತ ಶೇಕಡ 28ರಷ್ಟು ಹೆಚ್ಚು. ದಾಖಲೆಯ ಓಟಗಳು ನಿಂತಿರುವುದೇ ಇದರ ಮೇಲೆ. ಇನ್ನು, ರಾಕ್ಷಸರ ಎತ್ತರಕ್ಕೆ ಮಿತಿಯೇ ಇಲ್ಲದಿರುವುದರಿಂದ ಕೆಳಗಿನ ಹೊಂಡದಲ್ಲಿ ನಿಂತವನೂ ಮೇಲಿನಿಂದ ಜಿಗಿಯಬಂದ ನಿಮ್ಮನ್ನು ತಡೆಯುತ್ತಾನೆ.

ಡೂಮ್‌ನ ಮೊದಲ ಭಾಗದ 9 ಹಂತಗಳು ಶೇರ್‌ವೇರ್ ಆಗಿ ಉಚಿತವಾಗಿಯೇ ಹಂಚಿಕೆಯಾಗಿವೆ. ಅವು ಚಾಕೊಲೇಟ್ ಡೂಮ್‌ನಲ್ಲಿ ಓಡುತ್ತವೆ, ಗುಲಾಬಿ ರಾಕ್ಷಸನೂ ಅಲ್ಲಿದ್ದಾನೆ. ಗುಂಡು ತಾಗದಿದ್ದಾಗ ಅದೇ ಜಾಗದಲ್ಲಿ ಮತ್ತೆ ಮತ್ತೆ ಹಾರಿಸದೆ, ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿದು ಅವನ ಎದೆಯ ನಡುವಿಗೆ ಗುರಿಯಿಡಿ.