ಕಪೊಯೇರಾ: ಲಾಗಕ್ಕೆ ಮುಂಚೆ ನೆಲ

ಕೇಳುಗರಿಗೆ ನಮಸ್ಕಾರ.

ಕಪೊಯೇರಾ ಎಂದೊಡನೆ ಬಹಳ ಜನರಿಗೆ ನೆನಪಾಗುವುದು ಮೊಬೈಲಿನಲ್ಲಿ ಕಂಡ ಒಂದು ತುಣುಕು. ಬಿಳಿ ಪ್ಯಾಂಟು ತೊಟ್ಟವರು ವೃತ್ತದ ನಡುವೆ ಹಿಂದಕ್ಕೆ ಲಾಗ ಹಾಕುತ್ತಾರೆ, ಒಂಟಿ ಕೈಮೇಲೆ ನಿಂತು ಕಾಲು ತಿರುಗಿಸುತ್ತಾರೆ, ಪಕ್ಕದಲ್ಲಿ ಒಂಟಿ ತಂತಿಯ ವಾದ್ಯ ಝೇಂಕರಿಸುತ್ತಿರುತ್ತದೆ. ಬೆಂಗಳೂರಿನಲ್ಲೂ ಈಗ ಇದರ ತರಗತಿಗಳಿವೆ. ಹೊಸಬರು ಸೇರಿದ ವಾರದಲ್ಲೇ ಕೇಳುವ ಪ್ರಶ್ನೆ: ‘ಲಾಗ ಯಾವಾಗ ಹೇಳ್ಕೊಡ್ತೀರಿ?’ ಕುಕ್ಕರುಗಾಲಲ್ಲಿ ಕೂತು, ಎದುರಿನವರ ಮುಖ ನೋಡುತ್ತಲೇ, ಕೈಕಾಲಿನ ಮೇಲೆ ಸದ್ದಿಲ್ಲದೆ ಒಂದು ಸುತ್ತು ತಿರುಗಲು ಬಂದ ಮೇಲೆ ಎನ್ನುವುದು ಅದಕ್ಕೆ ಪ್ರಾಮಾಣಿಕ ಉತ್ತರ. ಹಾಗೇಕೆ ಎಂಬುದೇ ಇವತ್ತಿನ ಮಾತು.

ಇದು ಬ್ರೆಜಿಲ್ ದೇಶದ ಕಲೆ, ವಾದ್ಯದ ಗತಿಗೆ ಇಬ್ಬರು ಒದೆಯುತ್ತ, ಒದೆತ ತಪ್ಪಿಸಿಕೊಳ್ಳುತ್ತ ಆಡುವ ಕಾಳಗದಾಟ. ಆಫ್ರಿಕದಿಂದ ಗುಲಾಮರನ್ನಾಗಿ ಹೊತ್ತು ತಂದ ಜನರ ನಡುವೆ ಬೆಳೆದದ್ದು. 1890ರ ದಂಡಸಂಹಿತೆಯಲ್ಲಿ ಅಲ್ಲಿನ ಸರ್ಕಾರ ಇದನ್ನು ಅಪರಾಧವೆಂದೇ ಬರೆದಿಟ್ಟಿತು. ಮುಂದೆ ಬಾಹಿಯಾ ರಾಜ್ಯದ ಸಾಲ್ವಡೋರ್ ನಗರದಲ್ಲಿ ಮೆಸ್ತ್ರಿ, ಅಂದರೆ ಗುರು, ಬಿಂಬಾ 1932ರಲ್ಲಿ ತಮ್ಮ ಶಾಲೆ ತೆರೆದರು. ಅವರ ಶೈಲಿಗೆ ರೆಜಿಯೊನಾಲ್ ಎಂದು ಹೆಸರು. ಅದೇ ಊರಿನ ಮೆಸ್ತ್ರಿ ಪಸ್ತೀನ್ಯಾ ಹಳೆಯ ಅಂಗೋಲಾ ಶೈಲಿಯನ್ನು ಕಾಪಾಡಿದರು. ಅಂಗೋಲಾ ಶೈಲಿಯ ಹಳೆಯ ಆಟಗಾರರು ಭಾನುವಾರದ ಬಿಳಿ ಸೂಟು ತೊಟ್ಟೇ ಆಡುತ್ತಿದ್ದರಂತೆ, ಆಟ ಮುಗಿದಾಗ ಸೂಟಿಗೆ ಮಣ್ಣಿನ ಕಲೆ ಇರುತ್ತಿರಲಿಲ್ಲವಂತೆ. ಮಾತು ತುಸು ಉಬ್ಬಿದ್ದರೂ ಇರಬಹುದು, ಆದರೆ ಅದರೊಳಗಿನ ನಿಯಮ ಇವತ್ತಿಗೂ ಚಾಲ್ತಿಯಲ್ಲಿದೆ. ನೆಲಕ್ಕೆ ತಾಗಬಹುದಾದದ್ದು ಅಂಗೈ, ಪಾದ ಮತ್ತು ತಲೆ, ಅಷ್ಟೇ. ಮಂಡಿ, ಕುಂಡೆ, ಬೆನ್ನು ತಾಗಿದರೆ ಬಿದ್ದ ಲೆಕ್ಕ. ಸೂಟಿನ ಜತೆಗೆ ಮೂಳೆಯನ್ನೂ ಉಳಿಸುವ ನಿಯಮ ಇದು.

ಅಂಗೈಯಿಂದ ಶುರು ಮಾಡೋಣ. ನೆಲಕ್ಕೆ ಕೈಯೂರಿ ಮೊಣಕೈ ನೇರ ಮಾಡಿದರೆ ಮಣಿಕಟ್ಟು ಸುಮಾರು 90 ಡಿಗ್ರಿ ಬಾಗಿರುತ್ತದೆ. ದಿನವಿಡೀ ಕೀಬೋರ್ಡ್ ಕುಟ್ಟುವ ಕೈಗೆ ಆ ಬಾಗು ಅಭ್ಯಾಸವಿಲ್ಲ, ಮೈಭಾರ ಹೊರುವುದಂತೂ ದೂರದ ಮಾತು. ಆದ್ದರಿಂದ ಮಂಡಿಯೂರಿ, ಕೈಗಳನ್ನು ಭುಜದ ಅಗಲಕ್ಕೆ ಇಟ್ಟು, ಮೊದಲು ಬೆರಳು ಮುಂದಕ್ಕೆ ಮಾಡಿ ಮೈಯನ್ನು ನಿಧಾನ ಹಿಂದೆ ಮುಂದೆ 10 ಸಲ ತೂಗಿ. ಆಮೇಲೆ ಬೆರಳನ್ನು ಹೊರಮಗ್ಗುಲಿಗೆ ತಿರುಗಿಸಿ 10, ಮಂಡಿಯ ಕಡೆಗೆ ತಿರುಗಿಸಿ 10. ಕೈಯ ಹಿಂಬದಿಯನ್ನು ನೆಲಕ್ಕಿಟ್ಟು ತೀರಾ ಹಗುರವಾಗಿ 5. ಇಷ್ಟಕ್ಕೆ ಐದು ನಿಮಿಷ ಸಾಕು. ಬೆರಳ ತುದಿಗಳು ನೆಲವನ್ನು ಹಿಡಿದುಕೊಂಡಿರಬೇಕು. ತುದಿಯ ಗೆಣ್ಣು ಬಿಳಿಚಿಕೊಂಡಷ್ಟು ಬಿಗಿ. ಬೆರಳು ಸಡಿಲವಾದರೆ ಭಾರವೆಲ್ಲ ಅಂಗೈಯ ಬುಡಕ್ಕೆ ಇಳಿಯುತ್ತದೆ, ಮಣಿಕಟ್ಟಿನ ನೋವು ಶುರುವಾಗುವುದು ಅಲ್ಲಿಂದ.

ನೆಲದ ವಿಷಯಕ್ಕೆ ಬಂದರೆ, ಹೊಸಬರು ದಪ್ಪ ಸ್ಪಂಜಿನ ಹಾಸಿಗೆ ಹಾಸಿಕೊಳ್ಳುತ್ತಾರೆ. ಬೆನ್ನಿಗೆ ಅದು ಒಳ್ಳೆಯದು, ಕೈಗೆ ಕೆಟ್ಟದ್ದು. ಅಂಗೈಯ ಬುಡ ಅದರಲ್ಲಿ ಹೂತು ಮಣಿಕಟ್ಟು ಇನ್ನಷ್ಟು ಬಾಗುತ್ತದೆ. ಗಟ್ಟಿ ರಬ್ಬರ್ ಮ್ಯಾಟು ಅಥವಾ ಮರದ ನೆಲ ಉತ್ತಮ. ನಮ್ಮ ಮನೆಗಳ ಮೊಸಾಯಿಕ್, ಗ್ರಾನೈಟ್ ನೆಲಗಳಲ್ಲಿ ಕಷ್ಟ ಬೇರೆ: ನಾಲ್ಕು ಹನಿ ಬೆವರು ಬಿದ್ದರೆ ಕೈ ಜಾರುತ್ತದೆ. ಪಕ್ಕದಲ್ಲೊಂದು ಒಣ ಬಟ್ಟೆ ಇರಲಿ. ಕಾಲಿಗೆ ಕಾಲುಚೀಲ ಬೇಡ.

ಈಗ ಮೊದಲ ಚಲನೆ, ಕೊಕೊರಿನ್ಯಾ. ಅಂದರೆ ಕುಕ್ಕರುಗಾಲು, ಒಂದು ಕೈ ಮುಖಕ್ಕೆ ಅಡ್ಡ, ಇನ್ನೊಂದು ಬೇಕಾದರೆ ನೆಲಕ್ಕೆ. ಒದೆತ ತಲೆಯ ಮೇಲಿಂದ ಹಾದುಹೋಗಲಿ ಎಂದು ಕೂರುವ ಭಂಗಿ. ಒಲೆಯ ಮುಂದೆ, ಹೊಲದ ಬದುವಿನ ಮೇಲೆ ಹಾಗೆ ಕೂತು ಅಭ್ಯಾಸವಿದ್ದವರಿಗೆ ಇದು ಮೊದಲ ದಿನವೇ ಬರುತ್ತದೆ. ಕುರ್ಚಿಯಲ್ಲೇ ಬೆಳೆದವರಿಗೆ ಹಿಮ್ಮಡಿ ನೆಲ ಮುಟ್ಟುವುದಿಲ್ಲ. ಅವರು ಬಾಗಿಲ ಚೌಕಟ್ಟು ಹಿಡಿದು ದಿನಕ್ಕೆ 20 ಸೆಕೆಂಡಿನಂತೆ ಐದು ಸಲ ಕೂತರೆ ಕೆಲವು ವಾರಗಳಲ್ಲಿ ಕಣಕಾಲು ಬಿಡುತ್ತದೆ.

ಅಲ್ಲಿಂದ ನೆಗಚೀವಾ. ಒಂದು ಕಾಲು ಮಡಚಿ ಮೈ ಅದರ ಹಿಮ್ಮಡಿಯ ಹತ್ತಿರಕ್ಕೆ ಇಳಿಯುತ್ತದೆ, ಇನ್ನೊಂದು ಕಾಲು ಮುಂದಕ್ಕೆ ಚಾಚುತ್ತದೆ, ಒಂದು ಕೈ ನೆಲಕ್ಕೆ, ಇನ್ನೊಂದು ಮುಖದ ಕಾವಲಿಗೆ. ಯಾವ ಕೈ, ಎಷ್ಟು ತಗ್ಗು ಎಂಬುದು ಗುಂಪಿನಿಂದ ಗುಂಪಿಗೆ ಬದಲಾಗುತ್ತದೆ, ನಿಮ್ಮ ಗುರು ಹೇಳಿದ್ದನ್ನೇ ಮಾಡಿ. ಮಂಡಿಯ ಮಾತು ಮಾತ್ರ ಎಲ್ಲ ಕಡೆಗೂ ಒಂದೇ. ಮಡಚಿದ ಕಾಲು ಮುಂಗಾಲಿನ ಮೇಲೆ ನಿಂತಿರಬೇಕು, ಮಂಡಿ ಮತ್ತು ಕಾಲ್ಬೆರಳು ಒಂದೇ ದಿಕ್ಕಿಗೆ ನೋಡಬೇಕು. ಪಾದ ಒಂದು ಕಡೆ, ಮಂಡಿ ಒಂದು ಕಡೆ ಆದಾಗ ಮೈಯ ತಿರುವನ್ನೆಲ್ಲ ಮಂಡಿಯ ಒಳಗಿನ ಕಟ್ಟುಗಳು ತಿನ್ನುತ್ತವೆ. ಚಾಚಿದ ಕಾಲನ್ನು ಪೂರ್ತಿ ಸೆಟೆಸಬೇಡಿ. ಎದುರಾಳಿ ತಪ್ಪಿ ಅದರ ಮೇಲೆ ಬಿದ್ದರೆ ತುಸು ಬಾಗಿದ ಮಂಡಿ ಮಣಿಯುತ್ತದೆ, ಸೆಟೆದ ಮಂಡಿಗೆ ಮಣಿಯಲು ಜಾಗವಿರುವುದಿಲ್ಲ.

ನೆಗಚೀವಾದಿಂದ ಹೊರಬರುವ ದಾರಿ ರೊಲೇ. ಎರಡೂ ಕೈ ನೆಲಕ್ಕೆ ಬರುತ್ತವೆ, ಸೊಂಟ ಏಳುತ್ತದೆ, ಒಂದು ಕ್ಷಣ ಬೆನ್ನು ಎದುರಾಳಿಯ ಕಡೆಗಿರುತ್ತದೆ, ಆಗ ತೋಳಿನ ಕೆಳಗಿಂದಲೋ ಕಾಲುಗಳ ನಡುವಿನಿಂದಲೋ ಅವರನ್ನು ನೋಡುತ್ತ ಸುತ್ತಿ ಎದ್ದೇಳುವುದು. ಗೋಡೆಗೆ ಮುಖದೆತ್ತರದಲ್ಲಿ ಒಂದು ಕಾಗದ ಅಂಟಿಸಿ, ಅದನ್ನು ಕಣ್ಣಿನಿಂದ ಬಿಡದೆ ಎಡಕ್ಕೆ 10, ಬಲಕ್ಕೆ 10 ರೊಲೇ ಮಾಡಿ. ಕಾಗದ ತಪ್ಪುವ ಜಾಗ ಯಾವುದೆಂದು ಬೇಗ ತಿಳಿಯುತ್ತದೆ. ಆಟದ ವೃತ್ತದಲ್ಲಿ, ಅಂದರೆ ಹೋದಾದಲ್ಲಿ, ಅದೇ ಜಾಗದಲ್ಲಿ ಒದೆತ ಬರುತ್ತದೆ. ತಲೆಗೆ ಬೀಳುವ ಪೆಟ್ಟು ಹೆಚ್ಚಿನ ಸಲ ಕಾಣದೆ ಬಂದ ಕಾಲಿನದು.

ಆಊ ಎಂಬುದು ಎರಡು ಸ್ವರಗಳ ಹೆಸರು. ಚಲನೆ, ಚಕ್ರದ ಹಾಗೆ ಪಕ್ಕಕ್ಕೆ ಉರುಳುವ ಲಾಗ. ಜಿಮ್ನಾಸ್ಟಿಕ್ಸ್ ಕಲಿತು ಬಂದವರು ಇಲ್ಲಿ ಎಡವುತ್ತಾರೆ. ಅಲ್ಲಿ ಕಾಲು ಸರಳರೇಖೆ, ಕಣ್ಣು ನೆಲಕ್ಕೆ. ಇಲ್ಲಿ ಕಣ್ಣು ಎದುರಾಳಿಗೆ, ಮೊಣಕೈ ತುಸು ಬಾಗಿದ್ದು, ಮಂಡಿ ಹೊಟ್ಟೆಯ ಹತ್ತಿರ. ಪೂರ್ತಿ ಚಾಚಿ ಮಾಡಿದರೆ ಹೊಟ್ಟೆ ಬಯಲಾಗುತ್ತದೆ, ಅದಕ್ಕೆ ಕಾದಿರುವ ಉತ್ತರ ಕಬೆಸಾದಾ, ತಲೆಯ ಗುದ್ದು. ಬಿಂಬಾ ಅವರ ಜೋಡಿ ಪಾಠಗಳಲ್ಲಿ ಆಊ ಮತ್ತು ತಲೆಗುದ್ದು ಒಟ್ಟೊಟ್ಟಿಗೇ ಬರುತ್ತವೆ. ಅಭ್ಯಾಸಕ್ಕೆ ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಕುಕ್ಕರುಗಾಲಿನಿಂದಲೇ ಮೊದಲ ಕೈ ಗೆರೆಯ ಮೇಲೆ, ಎರಡನೆಯದು ಭುಜದಷ್ಟು ದೂರದಲ್ಲಿ ಇಡಿ. ಸೊಂಟ ಮೊಣಕಾಲಿನೆತ್ತರಕ್ಕೆ ಎದ್ದರೂ ಸಾಕು. ಕಾಲು ಒಂದಾದ ಮೇಲೊಂದು ಇಳಿಯಬೇಕು. ಎರಡೂ ಒಟ್ಟಿಗೆ ಧೊಪ್ಪೆಂದು ಬಿದ್ದರೆ ಕೈಯಿಂದ ಭಾರ ಬೇಗ ತೆಗೆದಿದ್ದೀರಿ ಎಂದರ್ಥ.

ಇನ್ನು ಕೆದಾ ಜಿ ಹಿನ್ಸ್. ಹೆಸರಿನಲ್ಲೇ ಮೂತ್ರಪಿಂಡದ ಮೇಲೆ ಬೀಳುವುದು ಎಂದಿದೆ. ಮಯೂರಾಸನ ಬಲ್ಲವರಿಗೆ ಹೀಗೆ ಹೇಳಬಹುದು: ಅಲ್ಲಿ ಎರಡು ಮೊಣಕೈ ಹೊಕ್ಕುಳಿನ ಬಳಿ, ಇಲ್ಲಿ ಒಂದು ಮೊಣಕೈ ಪಕ್ಕೆಯಲ್ಲಿ. ಆ ಜಾಗ ಎಲ್ಲಿ ಎಂಬುದೇ ಇಡೀ ಪಾಠ. ಸೊಂಟದ ಮೂಳೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿಕೊಳ್ಳಿ, ಕೊನೆಯ ಪಕ್ಕೆಲುಬನ್ನೂ ಮುಟ್ಟಿ. ಅವೆರಡರ ನಡುವಿನ ಮೆತ್ತನೆಯ ಜಾಗ, ಸೊಂಟದ ಮೂಳೆಗೆ ಹತ್ತಿರವಾಗಿ, ಮೊಣಕೈಗೆ ಸೇರಬೇಕು. ಪಕ್ಕೆಲುಬಿಗೆ ಚುಚ್ಚಿದರೆ ಉಸಿರೆಳೆದಾಗಲೆಲ್ಲ ನೋಯುತ್ತದೆ.

ಕುಕ್ಕರುಗಾಲಲ್ಲಿ ಕೂತು ಎರಡೂ ಕೈ ಬಲಮಗ್ಗುಲ ನೆಲಕ್ಕೆ ಇಡಿ. ಬಲಮೊಣಕೈ 90 ಡಿಗ್ರಿ ಬಾಗಲಿ, ಮುಂಗೈ ಕಂಬದ ಹಾಗೆ ನೆಟ್ಟಗಿರಲಿ. ಪಕ್ಕೆಯನ್ನು ಆ ಕಂಬದ ತಲೆಗೆ ಒಪ್ಪಿಸಿ. ಎಡಗೈ ಮುಂದೆ ಆಸರೆ. ತಲೆಯ ಬದಿ, ಹಣೆಯ ಅಂಚಿನ ಹತ್ತಿರ, ನೆಲವನ್ನು ಸವರುವಷ್ಟು ಮಾತ್ರ ತಾಗಲಿ. ತಲೆಯ ಕೆಳಗೊಂದು ಪೋಸ್ಟ್ ಕಾರ್ಡ್ ಇಟ್ಟರೆ ಯಾರಾದರೂ ಅದನ್ನು ಸುಲಭವಾಗಿ ಎಳೆದುಕೊಳ್ಳಲು ಬರಬೇಕು. ಬರದಿದ್ದರೆ ಕತ್ತು ಭಾರ ಹೊರುತ್ತಿದೆ. ಈಗ ಒಂದು ಮಂಡಿ ಎತ್ತಿ, ಆಮೇಲೆ ಇನ್ನೊಂದು. ಮೂರು ಉಸಿರು ನಿಲ್ಲಿ, ಪಾದ ಇಳಿಸಿ, ರೊಲೇಯಲ್ಲಿ ಹೊರಗೆ ಬನ್ನಿ. ಮುಂಗೈ ವಾಲಿದ್ದರೆ ಮೊಣಕೈ ಜಾರಿ ಭುಜ ನೆಲಕ್ಕೆ ಹೊಡೆಯುತ್ತದೆ. ಎರಡೂ ಬದಿ ಕಲಿಯಿರಿ, ಬಾರದ ಬದಿಯನ್ನು ಮೊದಲು.

ಬನನೇರಾ ಎಂದರೆ ಬಾಳೆಗಿಡ, ಕೈಮೇಲೆ ನಿಲ್ಲುವುದು. ಗೋಡೆಯಿಂದ ಒಂದು ಗೇಣು ದೂರ ಕೈಯಿಟ್ಟು ಕಲಿಯಬಹುದು. ಆದರೆ ನಿಲ್ಲುವುದಕ್ಕಿಂತ ಮುಂಚೆ ಇಳಿಯುವುದನ್ನು ಕಲಿಯಬೇಕು: ಬೆನ್ನ ಕಡೆಗೆ ವಾಲಿದೊಡನೆ ಒಂದು ಕೈ ಪಕ್ಕಕ್ಕೆ ಸರಿಸಿ, ಆಊನಂತೆ ಪಕ್ಕಕ್ಕೆ ಇಳಿಯುವುದು. ಗೋಡೆ ಬಿಡುವ ಮುನ್ನ ಈ ಇಳಿತ 20 ಸಲ ಸಲೀಸಾಗಿ ಬಂದಿರಲಿ. ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದವರು, ಗ್ಲಕೋಮಾ ಇರುವವರು ತಲೆಕೆಳಗಾಗುವ ಮೊದಲು ವೈದ್ಯರನ್ನು ಕೇಳಬೇಕು.

ಎಲ್ಲರೂ ಕಾಯುವ ಮಕಾಕು, ಅಂದರೆ ಮಂಗ, ಹಿಂದಕ್ಕೆ ಹಾಕುವ ಲಾಗ. ಕುಕ್ಕರುಗಾಲು, ಒಂದು ಕೈ ಹಿಂದೆ ನೆಲಕ್ಕೆ, ಕುಂಡೆಯಿಂದ ಸುಮಾರು ಒಂದು ಗೇಣು. ಬೆರಳು ಹಿಂದಕ್ಕೆ ಅಥವಾ ಹೊರಮಗ್ಗುಲಿಗೆ ತೋರಲಿ, ಹಿಮ್ಮಡಿಯ ಕಡೆಗೆ ಬೇಡ. ಹಿಮ್ಮಡಿಯ ಕಡೆಗಿದ್ದರೆ ಮೈ ದಾಟುವಾಗ ಮಣಿಕಟ್ಟು ತಿರುಚುತ್ತದೆ. ಎರಡೂ ಪಾದದಿಂದ ತಳ್ಳಿ, ಸೊಂಟ ಮೇಲಕ್ಕೆ. ಇನ್ನೊಂದು ಕೈ ಮುಖದ ಮೇಲಿಂದ ಬೀಸಿ ಹಿಂದೆ ನೆಲಕ್ಕೆ, ಕಣ್ಣು ಆ ಕೈಯ ಹಿಂದೆಯೇ. ಕಾಲುಗಳು ಒಂದಾದ ಮೇಲೊಂದು ದಾಟಿ ಇಳಿಯುತ್ತವೆ.

ಕೆಡುವುದು ಹೆಚ್ಚಾಗಿ ಸೊಂಟದಲ್ಲಿ. ಹೆದರಿದವರು ಸೊಂಟ ಎತ್ತದೆ ತಲೆಯನ್ನು ಹಿಂದಕ್ಕೆ ಎಸೆಯುತ್ತಾರೆ, ಆಗ ನೆಲ ಮೊದಲು ಕಾಣುವುದು ಕತ್ತಿಗೆ. ಅದಕ್ಕೇ ಲಾಗ ಪಕ್ಕಕ್ಕಿಟ್ಟು ಸೊಂಟ ಒಂದನ್ನೇ ಅಭ್ಯಾಸ ಮಾಡಿ: ಹಿಂದೆ ಕೈಯೂರಿ, ಸೊಂಟ ಮಂಡಿಗಿಂತ ಮೇಲಕ್ಕೆ, ಬೀಸುವ ಕೈ ತಲೆಯಾಚೆಗೆ, ಮತ್ತೆ ಕೂರುವುದು, 10 ಸಲ. ಆಮೇಲೆ ಪಕ್ಕಕ್ಕೆ ಓರೆಯಾಗಿ ತಗ್ಗು ಜಿಗಿತ, ವಾರ ಕಳೆದಂತೆ ಓರೆ ಕಡಿಮೆ. ಊರಿದ ತೋಳು ಮಡಚಿದರೆ ಭುಜದ ಮೇಲೆ ಬೀಳುತ್ತೀರಿ. ಕೈ ತೀರಾ ದೂರವಿದ್ದರೆ ಭುಜದ ಕೀಲು ಹಿಂದಕ್ಕೆ ಜಗ್ಗುತ್ತದೆ. ಆಸರೆ ಕೊಡುವವರು ಪಕ್ಕದಲ್ಲಿ ಮಂಡಿಯೂರಿ, ಒಂದು ಕೈ ಕೆಳಬೆನ್ನಿಗೆ, ಒಂದು ತೊಡೆಯ ಹಿಂಬದಿಗೆ ಕೊಡಲಿ. ಅಂಗಿ ಹಿಡಿದೆಳೆಯುವುದು ಆಸರೆಯಲ್ಲ. ಮೈ ಬಿಸಿಯಾದ ಮೇಲೆ, ದಣಿಯುವ ಮುಂಚೆ, ಐದಾರು ಸಲ ಮಾಡಿ ನಿಲ್ಲಿಸಿ. ತರಗತಿಯ ಕೊನೆಗೆ ‘ಇನ್ನೊಂದೇ ಸಲ’ ಎನ್ನುವ ಮಕಾಕುವನ್ನು ನಂಬಬೇಡಿ.

ಪೆಟ್ಟಾದರೆ? ಕೈಯೂರಿ ಬಿದ್ದ ಮೇಲೆ ಹೆಬ್ಬೆರಳಿನ ಬುಡದ ಗುಳಿಯಲ್ಲಿ ಒತ್ತಿದಾಗ ನೋವಿದ್ದರೆ ಉಳುಕು ಎಂದು ಎಣ್ಣೆ ನೀವಿ ಸುಮ್ಮನಾಗಬೇಡಿ. ಅಲ್ಲಿನ ಪುಟ್ಟ ಮೂಳೆಯ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು, ರಕ್ತ ಸಂಚಾರ ಕಡಿಮೆಯಾದ್ದರಿಂದ ಕೂಡುವುದೂ ನಿಧಾನ. ಮೂಳೆ ವೈದ್ಯರ ಬಳಿ ಹೋಗಿ. ಕತ್ತಿನ ಮೇಲೆ ಬಿದ್ದು ಕೈ ಜುಮ್ಮೆನ್ನುತ್ತಿದ್ದರೆ ಎತ್ತಿ ಕೂರಿಸಬಾರದು, ಅಲ್ಲಾಡಿಸದೆ 108ಕ್ಕೆ ಕರೆ ಮಾಡಬೇಕು.

ಹೋದಾಕ್ಕೆ ಇಳಿಯುವ ದಿನ ಬಂದಾಗ ಗತಿಯನ್ನು ಬೆರಿಂಬಾವು ಹೇಳುತ್ತದೆ, ಆ ಒಂಟಿ ತಂತಿಯ ವಾದ್ಯ. ಅಂಗೋಲಾ ಎಂಬ ನಿಧಾನದ ನುಡಿತಕ್ಕೆ ಆಟ ನೆಲದ ಹತ್ತಿರವಿರುತ್ತದೆ. ಹೊಸಬರು ಅದಕ್ಕೇ ಕಾಯುವುದು ಜಾಣತನ. ಇಬ್ಬರೂ ಬೆರಿಂಬಾವಿನ ಬುಡದಲ್ಲಿ ಎದುರುಬದುರು ಕುಕ್ಕರುಗಾಲಲ್ಲಿ ಕೂರುತ್ತಾರೆ, ಕೈ ಮುಟ್ಟಿಕೊಳ್ಳುತ್ತಾರೆ. ಅಲ್ಲಿಂದ ಒಳಕ್ಕೆ ಹೋಗುವುದು ಸಾಮಾನ್ಯವಾಗಿ ಆಊ ಹಾಕಿ. ಸೊಂಟ ತಗ್ಗಿರಲಿ, ಮೊಣಕೈ ಬಾಗಿರಲಿ, ಕಣ್ಣು ಎದುರಿನವರ ಮುಖದ ಮೇಲಿರಲಿ. ಅವರು ತಲೆ ತಗ್ಗಿಸಿ ನಿಮ್ಮ ಹೊಟ್ಟೆಯ ಕಡೆ ಹೊರಟರೆ ಕಾಲನ್ನು ತಕ್ಷಣ ಮಡಚಿ ನೆಗಚೀವಾಕ್ಕೆ ಇಳಿಯಿರಿ.

ನಮಸ್ಕಾರ.